ಎಲ್ಲ ಚೀಟಿಯಲ್ಲೂ ಮಹಿಬೂಬ

ಹೊರಡುವ ಮುಂಚೆ

ವಿಲಾಯತಿಗೆ ಹೋಗಿಬಂದವರು ಊರಿಗೆ ಮರಳಿದ ಮೇಲೆ ವರ್ಷಗಟ್ಟಲೆ ಒಂದೇ ಮಾತಾಡುತ್ತಾರೆ: ಅಲ್ಲಿ ರಸ್ತೆ ಎಷ್ಟು ಸ್ವಚ್ಛ, ನಮ್ಮಲ್ಲಿ ಎಷ್ಟು ಹೊಲಸು. ಸೊಲ್ಲಾಪುರದ ನಮ್ಮ ವಕೀಲರ ಕೋಣೆಯಲ್ಲಿ ಇಂಥವರು ಮೂರ್ನಾಲ್ಕು ಜನ ಇದ್ದಾರೆ. ಚಹಾದಲ್ಲಿ ನೊಣ ಬಿದ್ದರೂ ಅವರಿಗೆ ಲಂಡನ್ ನೆನಪಾಗುತ್ತದೆ. ನಾನೂ ಹೋಗಿಬಂದೆ. ರಸ್ತೆ ಸ್ವಚ್ಛವಾಗಿಯೇ ಇತ್ತು. ಆ ವಿಷಯ ಇಲ್ಲಿಗೆ ಮುಗಿಯಿತು. ನಾನು ಹೇಳಬೇಕೆಂದಿರುವುದು ಆ ರಸ್ತೆಗೆ ಕಾಲಿಡುವ ಮುಂಚೆ ದಾಟಬೇಕಾದ ಬಾಗಿಲುಗಳ ಸುದ್ದಿ, ಆ ಬಾಗಿಲುಗಳಲ್ಲಿ ನಿಂತು ಮನುಷ್ಯರ ಮುಖ ಓದುವ ಪಂಡಿತರ ಸುದ್ದಿ.

ಮುಂಬೈಯ ಗಲಭೆ, ಸ್ಫೋಟ ಎಲ್ಲ ಆಗಿ ಕೆಲವು ವರ್ಷ ಕಳೆದಿದ್ದ ಕಾಲ. ನಮ್ಮ ಭಾಗದ ದ್ರಾಕ್ಷಿ ಆಗಷ್ಟೇ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗತೊಡಗಿತ್ತು. ಬಂದ ಹಣ್ಣಿನಲ್ಲಿ ಅರ್ಧ ಕೊಳೆತಿದೆ ಎಂದು ಅಲ್ಲಿಯ ಖರೀದಿದಾರರು ಪ್ರತಿ ಸಲ ಫ್ಯಾಕ್ಸ್ ಕಳಿಸುತ್ತಿದ್ದರು. "ಕೊಳತದ್ದ ನನ್ನ ಕಣ್ಣಿಲೆ ನೋಡಬೇಕು" ಎಂದು ಹಟ ಹಿಡಿದವರು ನನ್ನ ಅಪ್ಪನ ತಮ್ಮ, ಚನಮಲ್ಲಪ್ಪ ಕಾಕಾ. ಅಕ್ಕಲಕೋಟದ ಹತ್ತಿರ ಅವರ ತೋಟ. ಎಪ್ಪತ್ತರ ಆಸುಪಾಸಿನ ವಯಸ್ಸು, ಕಚ್ಚೆ ಹಾಕಿದ ಧೋತರ, ಹಣೆತುಂಬ ವಿಭೂತಿ. ಒಂದು ಸಲ ಹೊರಡುತ್ತೇನೆಂದರೆ ಮುಗಿಯಿತು, ಎತ್ತು ಕಟ್ಟಿದರೂ ನಿಲ್ಲುವವರಲ್ಲ.

ಜೊತೆಗೆ ಮಹಿಬೂಬ ಬಾಗವಾನ. ದುಧನಿಯಲ್ಲಿ ಅವನ ಮನೆ, ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಎದುರು ಹಣ್ಣಿನ ಅಂಗಡಿ. ಕಾಕಾನ ತೋಟದ ದ್ರಾಕ್ಷಿ ಕೊಳ್ಳುವವನು ಅವನೇ. ಅವನ ಅಪ್ಪ ನಮ್ಮ ಅಜ್ಜನ ಕಡೆ ಪೇರಲ ಹಣ್ಣು ಕೊಳ್ಳುತ್ತಿದ್ದ. ನಲವತ್ತೈದರ ಮನುಷ್ಯ, ಕತ್ತರಿಸಿದ ಚಿಕ್ಕ ಗಡ್ಡ, ಮೆತ್ತಗಿನ ಮಾತು. ಮೂರನೆಯವನು ನಾನು, ಇಂಗ್ಲಿಷ್ ಬಲ್ಲವನೆಂಬ ಕಾರಣಕ್ಕೆ ಹೊರಟವನು. ನನ್ನ ಇಂಗ್ಲಿಷು ಕೋರ್ಟಿನದು. ಹೊಲದ ನಾಲ್ಕು ದಿಕ್ಕಿನ ಗಡಿ ಹೇಳುವುದಕ್ಕೆ ಸಾಕು, ಒಂದು ಕಪ್ ಚಹಾ ಕೇಳುವುದಕ್ಕೆ ಸಾಲದು.

ಹೊರಡುವ ದಿನ ಕಾಕಿ ಬಾಗಿಲಲ್ಲಿ ನಿಂತು ಒಂದೇ ಮಾತು ಹಿಡಿದಿದ್ದಳು. ನಮ್ಮಲ್ಲಿ ಲಿಂಗ ಕಟ್ಟಿಕೊಂಡವರು ಅದನ್ನು ಮೈಯಿಂದ ಅಗಲಿಸುವುದಿಲ್ಲ. ಬೆಳ್ಳಿಯ ಕರಡಿಗೆಯಲ್ಲಿಟ್ಟು ದಾರದಿಂದ ಕೊರಳಿಗೆ ಹಾಕಿಕೊಂಡರೆ ಸ್ನಾನಕ್ಕೂ ನಿದ್ದೆಗೂ ಅದು ಎದೆಯ ಮೇಲೆಯೇ. ನಾನು ನನ್ನದನ್ನು ಎಂದೋ ದೇವರ ಜಗುಲಿಯ ಮೇಲಿಟ್ಟು ಕೈತೊಳೆದುಕೊಂಡವನು. ಕಾಕಾ ಹಾಗಲ್ಲ.

"ವಿಮಾನದಾಗ ಹತ್ತೂಮುಂದ ಮೈಮ್ಯಾಲಿಂದೆಲ್ಲಾ ತಗಸ್ತಾರಂತ. ಲಿಂಗಾ ತಗದೀರಿ ಮತ್ತ" ಎಂದಳು ಕಾಕಿ.

"ಅದು ಬಿಟ್ಟ ದಿನ ನಾ ಉಳಿಯಂಗಿಲ್ಲ. ನೀ ಚಿಂತಿ ಮಾಡಬ್ಯಾಡ."

"ಅದ ಚಿಂತಿ ನನಗ" ಎಂದು ಅವಳು ನನ್ನ ಕಡೆ ತಿರುಗಿದಳು. "ಶಿವು, ವಕೀಲಕಿ ಏನ ಮಾಡ್ತಿ ಮಾಡು, ಅದೊಂದ ತಗಸಬ್ಯಾಡ."

ನಾನು ಧಾರಾಳವಾಗಿ ಮಾತು ಕೊಟ್ಟೆ.

ಮುಂಬೈ

ವಿಮಾನ ನಿಲ್ದಾಣದಲ್ಲಿ ಲೋಹ ಹಿಡಿಯುವ ಆ ಬಾಗಿಲ ಚೌಕಟ್ಟನ್ನು ನಾವು ಮೂವರೂ ಕಂಡದ್ದು ಅದೇ ಮೊದಲು. ಕಾಕಾ ಹೊಸ ಮನೆಯ ಹೊಸ್ತಿಲು ದಾಟುವ ಹಾಗೆ ಬಲಗಾಲು ಮುಂದಿಟ್ಟು ದಾಟಿದರು. ಅದು ಚೀರಿಕೊಂಡಿತು. ಕಾಕಿಗೆ ಕೊಟ್ಟ ಮಾತು ಮುಂಬೈಯಲ್ಲೇ ಮಣ್ಣಾಯಿತು ಎಂದುಕೊಂಡೆ. ಪಹರೆಯವನು ಕಾಕಾನ ಹಣೆ ನೋಡಿದ, ಧೋತರ ನೋಡಿದ, ಅಂಗಿಯ ಮೇಲಿಂದಲೇ ಕರಡಿಗೆಯ ಉಬ್ಬು ನೋಡಿದ. "ಜಾವ್ ಬಾಬಾ, ಜಾವ್" ಎಂದು ಕೈಮುಗಿದು ಕಳಿಸಿಬಿಟ್ಟ.

ಮಹಿಬೂಬ ದಾಟಿದಾಗ ಯಂತ್ರ ಚಕಾರವೆತ್ತಲಿಲ್ಲ. ಆದರೂ ಅವನನ್ನು ಬದಿಗೆ ಕರೆದರು. ಚೀಲ ಮೇಜಿನ ಮೇಲೆ ಬೋರಲಾಯಿತು. ಅಂಗಿಗಳು, ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಎಲ್ಲಕ್ಕಿಂತ ಕೆಳಗೆ ದ್ರಾಕ್ಷಿಯ ಸಿಹಿ ಅಳೆಯುವ ಕೊಳವೆ. ಹಣ್ಣಿನ ರಸದ ಒಂದು ಹನಿ ಅದರ ಗಾಜಿನ ಮೇಲೆ ಬಿಟ್ಟು, ಇನ್ನೊಂದು ತುದಿಗೆ ಕಣ್ಣಿಟ್ಟರೆ ಸಿಹಿ ಎಷ್ಟೆಂದು ಕಾಣುತ್ತದೆ. ಹಣ್ಣಿನ ವ್ಯಾಪಾರಿಗಳು ಜೇಬಿನಲ್ಲೇ ಇಟ್ಟುಕೊಂಡು ತಿರುಗುವ ವಸ್ತು. ಪಹರೆಯವನು ಅದಕ್ಕೆ ಕಣ್ಣು ಹಚ್ಚಿ ಎತ್ತೆತ್ತಲೋ ತಿರುಗಿಸಿದ.

"ಕುಛ್ ದಿಖತಾ ನಹೀ" ಎಂದು, ಏನೂ ಕಾಣುವುದಿಲ್ಲವೆಂದು ಗದರಿಸಿದ.

"ಅಂಗೂರ್ ಲಗತಾ ಹೈ ಸಾಬ್" ಎಂದ ಮಹಿಬೂಬ, ಅದಕ್ಕೆ ದ್ರಾಕ್ಷಿ ಬೇಕು ಎಂದು, ತಪ್ಪು ದ್ರಾಕ್ಷಿಯದೇ ಎಂಬ ಧ್ವನಿಯಲ್ಲಿ.

ಶೇಂಗಾ ಹಿಂಡಿಯಲ್ಲಿ ಬೆರಳದ್ದಿ ನೆಕ್ಕಿದ ಮೇಲೆ ಅವರ ಸಂಶಯ ಸ್ವಲ್ಪ ಕಡಿಮೆಯಾಯಿತು. ಎರಡನೆಯ ಸಲವೂ ನೆಕ್ಕಿದರು, ಅದು ಸಂಶಯದಿಂದಲ್ಲ. ಇವನೊಬ್ಬನನ್ನೇ ಯಾಕೆ ಎಂದು ನಾನು ಕೇಳಿದೆ. ಪಹರೆಯವನು ನನ್ನನ್ನು ದಡ್ಡನೆಂಬಂತೆ ನೋಡಿ, "ನಾವ್ ಬಘಿತ್ಲ ನಾ, ಸಾಹೇಬ?" ಎಂದ. ಹೆಸರು ನೋಡಲಿಲ್ಲವೇ ಎಂದು ನನಗೇ ಪ್ರಶ್ನೆ. ನಮ್ಮವರಲ್ಲಿ ಇನ್ನೇನು ಕೊರತೆಯಿದ್ದರೂ ಸಂಕೋಚದ ಕಾಟವಿಲ್ಲ.

ಲಂಡನ್, ಇಳಿದ ದಿನ

ಲಂಡನ್ನಿನಲ್ಲಿ ಸಂಕೋಚವೋ ಸಂಕೋಚ. ಜನ ಕಾಲು ತುಳಿದರೂ ಸಾರಿ ಅನ್ನುತ್ತಾರೆ, ತುಳಿಸಿಕೊಂಡರೂ ಸಾರಿ ಅನ್ನುತ್ತಾರೆ. ಸಾಲಿನಲ್ಲಿ ಒಬ್ಬನೇ ಇದ್ದರೂ ಸಾಲಿನಂತೆಯೇ ನಿಲ್ಲುತ್ತಾನೆ. ನಮ್ಮ ರೈಲು ಸ್ಟೇಷನ್ನಿನಲ್ಲಿ ಟಿಕೆಟ್ ಕಿಟಕಿಯೊಳಗೆ ಒಂದೇ ಸಲ ಐದು ಕೈ ತೂರುವುದನ್ನು ಕಂಡ ಕಣ್ಣಿಗೆ ಇದು ಯಾವುದೋ ಕಾಯಿಲೆಯ ಹಾಗೆ ಕಂಡಿತು.

ಸಾಮಾನು ಎತ್ತಿಕೊಂಡು ಹೊರಬೀಳುವ ಬಾಗಿಲಲ್ಲಿ ಬಿಳಿ ಅಂಗಿಯ ಅಧಿಕಾರಿ ನಗುನಗುತ್ತ ಮಹಿಬೂಬನ ಮುಂದೆ ಬಂದು ನಿಂತ. ನಮ್ಮ ಮುಂದೆ, ಹಿಂದೆ ನೂರಾರು ಜನ ಹೋಗುತ್ತಿದ್ದರು. ಇವನ ಚೀಲವನ್ನು ಮಾತ್ರ ನೋಡಬೇಕಂತೆ. ನಾನು ಕಾರಣ ಕೇಳಿದೆ. ಅವನು ಇನ್ನಷ್ಟು ನಕ್ಕು, ಇದು ಬರೀ ರ್‍ಯಾಂಡಮ್, ಯಾರ ಬಗ್ಗೆಯೂ ಏನೂ ಇಲ್ಲ ಎಂದ.

"ಏನಂದ ಅಂವಾ?" ಕಾಕಾ ಕೇಳಿದರು.

"ರ್‍ಯಾಂಡಮ್ ಅಂತ ಕಾಕಾ. ಚೀಟಿ ಎತ್ತಿದಂಗ. ಯಾರ ಹೆಸರು ಬರ್ತದೋ ಅವರನ್ನ ನೋಡ್ತಾರ."

ಕಾಕಾ ಮೇಜಿನ ಕಡೆ ನೋಡಿದರು. ಅಲ್ಲಿ ಮತ್ತೆ ರೊಟ್ಟಿಯ ಗಂಟು, ಮತ್ತೆ ಹಿಂಡಿಯ ಡಬ್ಬಿ, ಮತ್ತೆ ಆ ಕೊಳವೆ. ಪಕ್ಕದ ಮೇಜಿನಲ್ಲಿ ಚೀಲ ಬಿಚ್ಚಿ ನಿಂತ ಇನ್ನಿಬ್ಬರಿಗೂ ಗಡ್ಡವಿತ್ತು.

"ಎಲ್ಲಾ ಚೀಟ್ಯಾಗೂ ಮಹಿಬೂಬನ ಹೆಸರ ಬರದಾರೇನ?" ಎಂದರು.

ಇದನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಧೈರ್ಯ ಬರಲಿಲ್ಲ. ಮುಂಬೈಯವನು ಕಾರಣ ಹೇಳಿ ಚೀಲ ಬಿಚ್ಚಿಸಿದ್ದ. ಇವನು ಕಾರಣವಿಲ್ಲ ಎಂದು ಹೇಳಿ ಬಿಚ್ಚಿಸಿದ. ಬಿಚ್ಚಿದ ಚೀಲವನ್ನು ಮರಳಿ ಕಟ್ಟುವ ಕೆಲಸ ಮಾತ್ರ ಎರಡೂ ಕಡೆ ಮಹಿಬೂಬನದೇ ಆಗಿತ್ತು.

ಹಣ್ಣಿನ ಮಾರುಕಟ್ಟೆ

ಖರೀದಿದಾರರ ಕಡೆಯಿಂದ ನಮ್ಮನ್ನು ನೋಡಿಕೊಳ್ಳಲು ಬಂದವಳು ಹೆಲೆನ್ ಎಂಬ ನಡುವಯಸ್ಸಿನ ಹೆಂಗಸು. ತುಂಬ ಒಳ್ಳೆಯವಳು. ಎಷ್ಟು ಒಳ್ಳೆಯವಳೆಂದರೆ ಅವಳ ಜೊತೆ ಎರಡು ತಾಸು ಕಳೆದರೆ ತಲೆ ನೋಯುತ್ತಿತ್ತು. ನಾವು ಉಣ್ಣುವುದು, ಉಡುವುದು, ಕೈಯಿಂದ ತಿನ್ನುವುದು ಎಲ್ಲವೂ ಅವಳಿಗೆ ಅದ್ಭುತ. ಕಾಕಾ ಢರ್ರೆಂದು ತೇಗಿದ್ದಕ್ಕೂ ಅದ್ಭುತ ಎಂದಳು.

ಬೆಳಗಿನ ಹೊತ್ತು ಅವಳು ನಮ್ಮನ್ನು ದೊಡ್ಡ ಹಣ್ಣಿನ ಮಾರುಕಟ್ಟೆಗೆ ಕರೆದೊಯ್ದಳು. ಅಲ್ಲಿ ಕಾಕಾನ ದ್ರಾಕ್ಷಿಯ ಡಬ್ಬಗಳು ಸಿಕ್ಕವು. ಕಾಕಾ ಒಂದೊಂದೇ ಗೊನೆ ಎತ್ತಿ ನೋಡಿದರು. ಕೊಳೆತದ್ದು ಇತ್ತು, ಅರ್ಧ ಖಂಡಿತ ಇರಲಿಲ್ಲ. ನಮ್ಮ ಕಡೆಯ ಜನ ಮೇಲೆ ಚಂದದ ಗೊನೆಯಿಟ್ಟು ಕೆಳಗೆ ಒದ್ದೆ ಗೊನೆ ತುರುಕುವುದೂ ಉಂಟು. ಅದು ಗೊತ್ತಿದ್ದ ಕಾಕಾ ಹೆಚ್ಚು ಕೂಗಾಡಲಿಲ್ಲ. ಆ ಗಡಿಬಿಡಿಯಲ್ಲಿ ಮಹಿಬೂಬ ಎಲ್ಲೋ ಮರೆಯಾದ. ಹಣ್ಣಿನ ರಾಶಿ ಕಂಡರೆ ಅವನ ಕಾಲು ತಾನಾಗಿ ಆ ಕಡೆ ಹೋಗುತ್ತದೆ.

ಹೆಲೆನ್ ಗಾಬರಿಯಾಗಿ ಮಾರುಕಟ್ಟೆಯ ಕಾವಲುಗಾರನನ್ನು ಕರೆದಳು. ನಮ್ಮವರೊಬ್ಬರು ತಪ್ಪಿಸಿಕೊಂಡಿದ್ದಾರೆ ಎಂದಳು. ಹೇಗಿದ್ದಾರೆ ಎಂದು ಅವನು ಕೇಳಿದ. ನೀಲಿ ಸ್ವೆಟರ್ ಎಂದಳು. ಮಧ್ಯಮ ಎತ್ತರ ಎಂದಳು. ಕಂದು ಬೂಟು, ಮೃದು ಸ್ವಭಾವ, ಬಹಳ ಸೌಜನ್ಯ ಎಂದಳು. ಹೇಳಬೇಕಾದ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳಿದಳು. ಕಾವಲುಗಾರ ಹೋಗಿ, ಮೂಲಂಗಿಯ ಹಾಗೆ ಬೆಳ್ಳಗಿದ್ದ ಒಬ್ಬ ಹಮಾಲನನ್ನು ತೋಳು ಹಿಡಿದು ಕರೆತಂದ. ನೀಲಿ ಸ್ವೆಟರ್ ಇತ್ತು, ಎತ್ತರವೂ ಮಧ್ಯಮವೇ.

"ಕರಿ ಮನಷ್ಯಾ, ಗಡ್ಡ ಐತಿ, ನಮ್ಮಂಗ ಅದಾನ ಅನ್ನಾಕ ಇಕಿಗೇನ ಧಾಡಿ?" ಕಾಕಾ ರೇಗಿದರು.

ನಾನು ಅದನ್ನೇ ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಹೆಲೆನ್‌ಳ ಮುಖ ಕೆಂಪಾಯಿತು. ನಾವು ಇಲ್ಲಿ ಜನರನ್ನು ಹಾಗೆ ಗುರುತಿಸುವುದಿಲ್ಲ ಎಂದಳು. ಅಷ್ಟರಲ್ಲಿ ಮಹಿಬೂಬ ತಾನಾಗಿಯೇ ಬಂದ, ಕೈಯಲ್ಲಿ ಯಾರದೋ ಸ್ಪೇನ್ ದ್ರಾಕ್ಷಿ, ಬಾಯಲ್ಲಿ ಅದರ ದೂಷಣೆ.

ನಾನು ಆ ಹೆಂಗಸನ್ನು ನೋಡುತ್ತ ನಿಂತೆ. ಕಳೆದುಹೋದವನನ್ನು ಹುಡುಕುವಾಗ ಆ ಗಡ್ಡ ಇವರ ಕಣ್ಣಿಗೆ ಕಾಣಬಾರದು. ಬಾಗಿಲಲ್ಲಿ ಹಿಡಿಯುವಾಗ ಗಡ್ಡದ ಹೊರತು ಬೇರೇನೂ ಕಾಣಬಾರದು. ಎಂಥ ಕಣ್ಣಪ್ಪಾ ಇವು ಎಂದು ಬೆರಗಾದೆ.

ಹೆಲೆನ್‌ಳ ಮನೆಯ ಊಟ

ಮರುದಿನ ಅವಳ ಮನೆಯಲ್ಲಿ ಊಟ. ನಮಗಾಗಿ ಆಲೂಗಡ್ಡೆ ಬೇಯಿಸಿದ್ದಳು. ಉಪ್ಪನ್ನು ಬೇರೆ ಬಟ್ಟಲಲ್ಲಿಟ್ಟಿದ್ದಳು, ಹಬ್ಬದ ದಿನ ನಾವು ಉಪ್ಪಿನಕಾಯಿ ಇಡುವ ಹಾಗೆ.

ಅವಳ ಗಂಡ ಪತ್ರಿಕೆ ಓದಿ ಅಭಿಪ್ರಾಯ ಹೇಳುವ ಜಾತಿಯವನು. ಆ ದಿನಗಳಲ್ಲಿ ಅಲ್ಲಿಯ ಪತ್ರಿಕೆಗಳಲ್ಲಿ ಇದೇ ಗದ್ದಲ ನಡೆದಿತ್ತು. ವಿಮಾನ ನಿಲ್ದಾಣದಲ್ಲಿ ಯಾರನ್ನು ತಪಾಸಣೆ ಮಾಡಬೇಕು? ಅಪಾಯ ತರುವಂಥ ಮುಖದವರನ್ನೋ, ಎಲ್ಲರನ್ನೂ ಸಮನಾಗಿಯೋ? ಗಂಡ ಮೊದಲಿನ ಪಕ್ಷ. ಎಂಬತ್ತು ವರ್ಷದ ಅಜ್ಜಿಯ ಕೈಚೀಲ ತಡಕಾಡುವುದು ಮೂರ್ಖತನ, ಎಲ್ಲರಿಗೂ ಗೊತ್ತಿರುವುದನ್ನು ಬಾಯಿಬಿಟ್ಟು ಹೇಳಲು ಈ ದೇಶ ಹೆದರಿ ಸಾಯುತ್ತಿದೆ ಎಂದ. ಹೇಳಿದ ಮೇಲೆ ಮಹಿಬೂಬನ ಕಡೆ ತಿರುಗಿ, ನಿಮ್ಮನ್ನು ಬಿಟ್ಟು ಎಂದು ಸೇರಿಸಿದ. ಹೆಲೆನ್ ಎರಡನೆಯ ಪಕ್ಷ. ಹಾಗೆ ಮಾತಾಡುವುದೇ ಅಸಭ್ಯತೆ, ಭೇದ ಮಾಡಿದಂತೆ ಎಂದಳು. ಹಾಗಾದರೆ ಈಗ ಭೇದ ನಡೆಯುತ್ತಿಲ್ಲವೇ ಎಂದು ನಾನು ಕೇಳಿದೆ. ಅದು ರ್‍ಯಾಂಡಮ್ ಎಂದಳು.

ಒಬ್ಬನಿಗೆ ಕಣ್ಣಿಗೆ ಕಂಡದ್ದೇ ಸತ್ಯ, ಇನ್ನೊಬ್ಬಳಿಗೆ ಬಾಯಿಬಿಟ್ಟು ಹೇಳದಿದ್ದರೆ ಅದು ಇಲ್ಲವೇ ಇಲ್ಲ. ಇಬ್ಬರೂ ಮೇಜಿನಾಚೆ ಕುಳಿತ ಮನುಷ್ಯನನ್ನು ಪಂಚಾಯ್ತಿಗೆ ತಂದ ಎತ್ತಿನಂತೆ ನಡುವೆ ನಿಲ್ಲಿಸಿಕೊಂಡು ವಾದಿಸಿದರು. ಕೊನೆಗೆ ಹೆಲೆನ್‌ಗೆ ತಪ್ಪಿನ ಅರಿವಾಗಿ, ಇದರ ಬಗ್ಗೆ ಮಹಿಬೂಬರ ಅಭಿಪ್ರಾಯವೇ ಮುಖ್ಯ ಎಂದಳು. ಇಬ್ಬರೂ ಕೈಯಲ್ಲಿದ್ದ ಚಮಚ ಕೆಳಗಿಟ್ಟು ಅವನನ್ನೇ ನೋಡಿದರು.

"ಆಲೂಗಡ್ಡಿ ಚಲೋ ಆಗ್ಯಾವಂತ ಹೇಳ್ರಿ ವಕೀಲರ" ಎಂದ ಮಹಿಬೂಬ.

ನಾನು ಹಾಗೆಯೇ ಹೇಳಿದೆ. ಹೆಲೆನ್‌ಳ ಕಣ್ಣಲ್ಲಿ ನೀರು ಬಂತು. ಇಂಥ ಸಹನೆಯನ್ನು ಕಂಡೇ ಇಲ್ಲ ಎಂದಳು.

ಲಂಡನ್, ಹೊರಟ ದಿನ

ಮರಳುವಾಗ ಆ ಚೌಕಟ್ಟು ಮತ್ತೆ ಎದುರಾಯಿತು. ಕಾಕಾ ದಾಟಿದರು, ಚೀರಿತು. ಅಲ್ಲಿದ್ದ ತರುಣನೊಬ್ಬ ಮುದುಕರ ಧೋತರ ನೋಡಿ ನಕ್ಕು, ಕೈಬೀಸಿ ಕಳಿಸಿದ. ಮಹಿಬೂಬ ದಾಟಿದ, ಚೀರಲಿಲ್ಲ. ಅವನನ್ನು ಬದಿಗೆ ನಿಲ್ಲಿಸಿ ಬೂಟು ಬಿಚ್ಚಿಸಿದರು, ಸೊಂಟದ ಪಟ್ಟಿ ಬಿಚ್ಚಿಸಿದರು, ಜೇಬು ಒಂದೊಂದು ಮುಟ್ಟಿದಾಗಲೂ ಸಾರಿ ಅಂದರು. ಕಾರಣವೇನು? ರ್‍ಯಾಂಡಮ್.

ಸುಮ್ಮನಿದ್ದಿದ್ದರೆ ಮೂವರೂ ಹೋಗಿ ವಿಮಾನದಲ್ಲಿ ಕೂತಿರುತ್ತಿದ್ದೆವು. ಆದರೆ ಹೊಟ್ಟೆಯೊಳಗಿನ ವಕೀಲ ಸುಮ್ಮನಿರಬೇಕಲ್ಲ. ಅಲ್ಲಿಯ ಮೇಲಧಿಕಾರಿಯಾಗಿದ್ದ ಹೆಂಗಸಿನ ಮುಂದೆ ಹೋಗಿ ನಿಂತು, ಅಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಇಂಗ್ಲಿಷನ್ನೆಲ್ಲ ಹೊರಹಾಕಿದೆ. ಈ ಹಿರಿಯರು ದಾಟಿದಾಗ ನಿಮ್ಮ ಯಂತ್ರ ಕೂಗಿತು, ಬಿಟ್ಟಿರಿ. ಇವನು ದಾಟಿದಾಗ ಕೂಗಲಿಲ್ಲ, ಹಿಡಿದಿರಿ. ಗಡ್ಡದ ಹೊರತು ಬೇರೆ ಕಾರಣವಿದ್ದರೆ ದಯವಿಟ್ಟು ತಿಳಿಸಿ. ಸೊಲ್ಲಾಪುರದ ಯಾವ ನ್ಯಾಯಾಧೀಶರ ಮುಂದೆಯೂ ನಾನು ಇಷ್ಟು ಚೊಕ್ಕವಾಗಿ ವಾದಿಸಿದ್ದಿಲ್ಲ.

ಆಕೆ ಬಿಳಿಚಿಕೊಂಡಳು. ಅಲ್ಲಿ ಕಳ್ಳನೆಂದರೂ ಸಹಿಸುತ್ತಾರೆ, ಭೇದ ಮಾಡಿದಿರಿ ಎಂದರೆ ಸಹಿಸುವುದಿಲ್ಲ. "ಖಂಡಿತ ಇಲ್ಲ ಸರ್. ನಮಗೆ ಎಲ್ಲರೂ ಒಂದೇ. ನೀವು ಹೇಳಿದ್ದು ನ್ಯಾಯ. ಆ ಹಿರಿಯರನ್ನೂ ಪೂರ್ತಿ ನೋಡುತ್ತೇವೆ" ಎಂದಳು.

ನಾನು ಗೆದ್ದಿದ್ದೆ. ಕಾಕಾನನ್ನು ಮರಳಿ ಕರೆದು, ಅಂಗಿಯೊಳಗಿನ ವಸ್ತುವನ್ನು ತೆಗೆದು ಈ ತಟ್ಟೆಯಲ್ಲಿಡಿ ಎಂದರು. ಕಾಕಿ ಬಾಗಿಲಲ್ಲಿ ನಿಂತಿದ್ದು ಕಣ್ಣ ಮುಂದೆ ಬಂತು.

"ತಗಿಯಂಗಿಲ್ಲ ಅಂತ ಹೇಳು" ಎಂದರು ಕಾಕಾ.

ನಾನು ಹೇಳಿದೆ. ಅದರೊಳಗೆ ಏನಿದೆ ಎಂದಳಾಕೆ. ದೇವರು ಎಂದೆ. ನಾವು ಎಲ್ಲ ಧರ್ಮಗಳನ್ನೂ ಗೌರವಿಸುತ್ತೇವೆ, ಇದು ಯಾವುದು ಎಂದಳು. ಲಿಂಗಾಯತ ಎಂದೆ. ಆ ಗೌರವ ಅಷ್ಟು ದೂರ ತಲುಪಿರಲಿಲ್ಲ. ಒಳಗಿನಿಂದ ಗುಜರಾತಿ ಮೂಲದ ಒಬ್ಬ ಅಧಿಕಾರಿಯನ್ನು ಕರೆಸಿದರು. ಅವನು ಕರಡಿಗೆಯನ್ನು ನೋಡಿ, ನನ್ನ ತಾಯಿ ದಿನಾ ಪೂಜೆ ಮಾಡುತ್ತಾಳೆ, ಇಂಥದ್ದನ್ನು ನಾನು ಕಂಡೇ ಇಲ್ಲ ಎಂದು ತೀರ್ಪು ಕೊಟ್ಟ. ಅವನ ತಾಯಿಗೆ ಗೊತ್ತಿಲ್ಲದ ದೇವರು ಅಲ್ಲಿಗೆ ಬರೀ ಲೋಹವಾಯಿತು.

ಆಕೆ ಮತ್ತೆ ತಾಳ್ಮೆಯಿಂದ ಕೇಳಿದಳು: ಒಂದು ನಿಮಿಷ ತೆಗೆದರೆ ಏನಾಗುತ್ತದೆ?

"ಏನಾಗ್ತದಂತ ಕೇಳಾಕತ್ತಾಳ ಕಾಕಾ."

"ಜೀವ ಹೋಗ್ತದ. ಹೇಳು."

ಗಾಬರಿಯಲ್ಲಿ ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ. ಕೋರ್ಟಿನಲ್ಲಿ ಸಾಕ್ಷಿಯ ಮಾತನ್ನು ಅಕ್ಷರಶಃ ತಿರುಗಿಸಿ ರೂಢಿ. ಅದನ್ನು ತೆಗೆದರೆ ಜೀವ ಹೋಗುತ್ತದೆ ಎಂದು ಸ್ಪಷ್ಟ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಮುಚ್ಚಿದ ಬೆಳ್ಳಿಯ ಮೊಟ್ಟೆ, ತೆಗೆದರೆ ಜೀವ ಹೋಗುತ್ತದೆ. ತರುಣ ಎರಡು ಹೆಜ್ಜೆ ಹಿಂದೆ ಸರಿದ. ಗುಜರಾತಿಯವನು ನಾಲ್ಕು ಹೆಜ್ಜೆ ಸರಿದ. ಆಕೆ ಭುಜದ ಮೇಲಿನ ಯಂತ್ರದಲ್ಲಿ ಏನೋ ಪಿಸುಗುಟ್ಟಿದಳು. ಹಿಂದಿನ ಸಾಲು ಕರಗಿಹೋಯಿತು. ಆಚೆ ಮೇಜಿನ ಹತ್ತಿರ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಬರಿಗಾಲಲ್ಲಿ ನಿಂತಿದ್ದ ಮಹಿಬೂಬನನ್ನು ಎಲ್ಲರೂ ಮರೆತೇಬಿಟ್ಟರು. ಹೋಗುವುದು ಕಾಕಾನ ಜೀವ, ನಿಮ್ಮದಲ್ಲ ಎಂದು ತಿಳಿಹೇಳುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು.

ವಿಮಾನದ ಕೊನೆಯ ಕರೆ ಬಂತು. ತೆಗೆಯದಿದ್ದರೆ ಹತ್ತಿಸುವುದಿಲ್ಲ ಎಂದಳು. ಕಾಕಾ ಅಂಜಲಿಲ್ಲ.

"ಹೋಗ್ಲಿ ವಿಮಾನ. ನಡಕೋತ ಬರ್ತೀನಿ" ಎಂದರು. ಆಮೇಲೆ ಆಕೆಯ ಮುಖ ನೋಡಿದರು. "ನೋಡಬೇಕೇನು ಇಕಿಗೆ? ನೋಡ್ಲಿ. ಬ್ಯಾಡ ಅನ್ನಂಗಿಲ್ಲ. ತಟ್ಟ್ಯಾಗ ಮಾತ್ರ ಇಡಂಗಿಲ್ಲ. ಅಂಗೈ ಮ್ಯಾಲೆ ನೋಡೂದು ಅದು. ನೀರ ತರಸು."

ಅಂಗೈಯೂ ಮೈಯೇ ತಾನೆ. ದಿನವೂ ಪೂಜೆಯಲ್ಲಿ ಲಿಂಗ ಇರುವುದು ಎಡ ಅಂಗೈಯಲ್ಲೇ. ಕಾಕಾ ಅಲ್ಲೇ ನೆಲದ ಮೇಲೆ ಪದ್ಮಾಸನ ಹಾಕಿ ಕುಳಿತರು. ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಖಾಲಿ ಬೆಳ್ಳಿಯನ್ನು ದಾರದ ಸಮೇತ ತಟ್ಟೆಗೆ ಹಾಕಿ, "ಇದು ಅಕ್ಕಸಾಲಿ ಮಾಡಿದ್ದು, ಎಷ್ಟರ ನೋಡ್ಕೊಳ್ಳಿ" ಎಂದರು. ಕಾಗದದ ಲೋಟದಲ್ಲಿ ಬಂದ ನೀರನ್ನು ಎರಡು ಹನಿ ಬಿಟ್ಟು, ಮೂರು ಬೆರಳಿನಿಂದ ವಿಭೂತಿ ಹಚ್ಚಿ, ಕಣ್ಣು ನೆಟ್ಟು ಕುಳಿತುಬಿಟ್ಟರು.

ಆಕೆಯ ಸ್ಥಿತಿ ನೋಡುವಂತಿತ್ತು. ಪೂಜೆ ನಿಲ್ಲಿಸಿದರೆ ಧರ್ಮಕ್ಕೆ ಅವಮಾನ, ನಿಲ್ಲಿಸದಿದ್ದರೆ ನಿಯಮಕ್ಕೆ ಅವಮಾನ. ತರುಣ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಗುಜರಾತಿಯವನು ಈಗ ಹತ್ತಿರ ಬಂದು ಕೈಮುಗಿದ, ತಾಯಿಯನ್ನು ಕೇಳಲು ಹೋಗಲಿಲ್ಲ. ಎಲ್ಲರೂ ಬಗ್ಗಿ ಅಂಗೈಯ ಮೇಲಿನ ಕರಿಯ ಲಿಂಗವನ್ನು ನೋಡಿದರು. ಏನು ಕಂಡರೋ ದೇವರಿಗೇ ಗೊತ್ತು. ನೋಡಿಯಾಯಿತು ಎಂದು ತೃಪ್ತರಾದರು.

ಯಂತ್ರದ ಆಚೆ ತುದಿಯಿಂದ ಕರಡಿಗೆ ಹೊರಬಂದಾಗ ಅದನ್ನು ಎತ್ತಿಕೊಂಡವನು ಮಹಿಬೂಬ. ಕರವಸ್ತ್ರದಿಂದ ಒರೆಸಿ, ಎರಡೂ ಕೈಯಿಂದ ಕಾಕಾನ ಮುಂದೆ ಹಿಡಿದ.

ವಿಮಾನದಲ್ಲಿ

ಕಾಕಾನ ಕೈ ಎದೆಯ ಮೇಲೆಯೇ ಇತ್ತು. ಆಮೇಲೆ ಕೇಳಿದರು: "ಮಹಿಬೂಬ, ನಿನಗ ದಿನಾ ಹಿಂಗ ಆಗ್ತದೇನು?"

"ದಿನಾ ಇಲ್ರಿ ಕಾಕಾ. ಮನಿ ಬಿಟ್ಟ ಹೊರಗ ಹೊಂಟಾಗಷ್ಟ."

ಕಾಕಾ ಕಿಟಕಿಯ ಕಡೆ ತಿರುಗಿದರು. ಅವನು ಹುಡುಗನಾಗಿದ್ದಾಗಿನಿಂದ ಬಲ್ಲವರು ಅವರು, ಈ ಪ್ರಶ್ನೆ ಹಿಂದೆ ಕೇಳಿರಲಿಲ್ಲ. ನಾನು ಸಿದ್ಧಾಂತ ಹೇಳತೊಡಗಿದೆ. ನಮ್ಮವರು ಒರಟರಾದರೂ ಪ್ರಾಮಾಣಿಕರು, ಹೆಸರು ನೋಡಿ ಹಿಡಿದೆ ಅಂತಾರೆ. ಈ ಬಿಳಿಯರದು ಹಲ್ಲುಕಿರಿದು ಹೇಳುವ ಸುಳ್ಳು. ಇವರಿಗಿಂತ ಅವರೇ ವಾಸಿ ಎಂದೆ.

"ವಕೀಲರ," ಎಂದ ಮಹಿಬೂಬ, "ಬೈದು ಬಿಚ್ಚಸಿದ್ರೂ ಅಷ್ಟ, ಸಾರಿ ಅಂದು ಬಿಚ್ಚಸಿದ್ರೂ ಅಷ್ಟ. ಬಿಚ್ಚಾವ ನಾನ ಅಲ್ಲೇನ್ರಿ?"



ಸೊಲ್ಲಾಪುರ, ಅಕ್ಕಲಕೋಟ ರಸ್ತೆ

ಸೊಲ್ಲಾಪುರದಲ್ಲಿ ರೈಲಿಳಿದು ದುಧನಿಯ ಬಸ್ಸು ಹತ್ತಿದೆವು. ಕಾಕಾನನ್ನು ಕಾಕಿಗೆ ಒಪ್ಪಿಸಿ ಬರೋಣವೆಂದು ನಾನೂ ಹೊರಟೆ. ಅಕ್ಕಲಕೋಟದ ಹೊರಗಿನ ತಪಾಸಣೆ ನಾಕಾದಲ್ಲಿ ಬಸ್ಸು ನಿಂತಿತು. ಅಕ್ಕಲಕೋಟಕ್ಕೆ ಅಂದು ಯಾವನೋ ಮಂತ್ರಿ ಬರುವವನಿದ್ದ. ಮಧ್ಯಾಹ್ನದ ಬಿಸಿಲು. ಒಬ್ಬ ಪೋಲೀಸ ಹತ್ತಿ, ಒಂದು ಸಲ ಬಸ್ಸಿನ ಉದ್ದಕ್ಕೂ ಕಣ್ಣಾಡಿಸಿ, "ಏ ದಾಢೀವಾಲಾ, ಖಾಲಿ ಉತರ್" ಎಂದು, ಗಡ್ಡದವನೇ ಕೆಳಗಿಳಿ ಎಂದು, ಮಹಿಬೂಬನನ್ನು ಇಳಿಸಿದ.

ನಾನು ನನ್ನ ಪ್ರಾಮಾಣಿಕರನ್ನು ನೋಡುತ್ತ ಕುಳಿತೆ. ಲಂಡನ್ನಿನಲ್ಲಿ ಹಾರಾಡಿದ ನಾಲಿಗೆ ಇಲ್ಲಿ, ದಿನವೂ ಕೋರ್ಟಿನಲ್ಲಿ ಇವರ ಮುಖ ನೋಡಬೇಕಾದ ಸೀಮೆಯಲ್ಲಿ, ಅಂಗುಳಕ್ಕೆ ಅಂಟಿಕೊಂಡಿತು. ಎದ್ದವರು ಕಾಕಾ. ಅವರ ಹಿಂದೆ ನಾನೂ ಇಳಿದೆ.

"ಕಾಕಾ, ತುಮ್ಹಿ ಬಸಾ" ಎಂದ ಪೋಲೀಸ, ನೀವು ಕೂಡ್ರಿ ಎಂದು.

"ಮೂರೂ ಮಂದಿ ಕೂಡೇ ಹೋಗಿದ್ವಿ, ಕೂಡೇ ಬಂದೀವಿ. ಅವನ್ನ ನೋಡಿದ್ರ ನನ್ನೂ ನೋಡು" ಎಂದು ಕಾಕಾ ಅಂಗಿಯ ಗುಂಡಿ ಬಿಚ್ಚಿ ಕರಡಿಗೆ ಹೊರತೆಗೆದರು. "ಮಷಿನ್ನ ನನಗ ಚೀರಿತ್ತು, ಅವಗಲ್ಲ. ತಾ ನೀರು. ಬಿಚ್ಚಿ ತೋರಸ್ತೀನಿ."

ಪೋಲೀಸನ ಬಣ್ಣ ಇಳಿಯಿತು. ಖಾಕಿಯ ಕಾಲರಿನ ಒಳಗೆ ಅವನ ಕೊರಳಲ್ಲೂ ಅದೇ ದಾರವಿತ್ತು. ಮರಾಠಿ ಅಲ್ಲಿಯೇ ಬಿಟ್ಟುಹೋಯಿತು. "ಯಪ್ಪಾ, ರಸ್ತಾದಾಗ ಬಿಚ್ಚಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ. ಮ್ಯಾಲಿಂದ ಆರ್ಡರ್ ಐತ್ರಿ, ಗಡ್ಡ ಇದ್ದವರನ್ನ ಇಳಸಿ ನೋಡ್ರಿ ಅಂತ."

"ಅಲ್ಲಿ ಮಂದಿಗಿ ನನ್ನ ಲಿಂಗಾ ಗೊತ್ತಿರಲಿಲ್ಲ, ಕೇಳಿದ್ರು. ಇವನ ಮಾರಿ ಗೊತ್ತಿರಲಿಲ್ಲ, ಚೀಲಾ ಬಿಚ್ಚಿದ್ರು. ನಿನಗ ಎರಡೂ ಗೊತ್ತೈತಿ. ಸ್ಟ್ಯಾಂಡಿನ ಮುಂದ ಇವನ ಅಂಗಡ್ಯಾಗ ಡಜನ್ ಬಾಳಿಹಣ್ಣ ಒಯ್ಯಾವ ನೀ, ಮ್ಯಾಲೊಂದ ಹಾಕಸ್ಕೊಂಡು. ನಾ ನೋಡೀನಿ."

ಪೋಲೀಸ ಮಹಿಬೂಬನ ಮುಖ ನೋಡದೆ, ಹೋಗ್ರಿ ಹೋಗ್ರಿ ಎಂದು ಕೈಬೀಸಿದ. ಬಸ್ಸಿನ ಕಿಟಕಿಯಿಂದ ಯಾರೋ ಒಬ್ಬ ಮರಾಠಿಯಲ್ಲಿ, ಈ ದಾಢೀವಾಲಾನಿಂದ ಹೊತ್ತಾಯಿತು ಎಂದು ಗೊಣಗಿದ. ಬಸ್ಸಿನಲ್ಲಿ ಎಲ್ಲರಿಗೂ ಅದು ನ್ಯಾಯವೆಂದೇ ಕಂಡಿರಬೇಕು, ಯಾರೂ ಎದುರು ಮಾತಾಡಲಿಲ್ಲ.

ನಾವು ತಿರುಗಿ ನೋಡಿದೆವು. ಮಹಿಬೂಬ ರಸ್ತೆಯ ಬದಿಗೆ ಕಾದ ಕಂಕರ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದ. ಇಳಿದವನೇ, ಯಾರೂ ಹೇಳುವ ಮುಂಚೆ, ಬೂಟು ಬಿಚ್ಚಿ ಜೋಡಿಸಿಟ್ಟಿದ್ದ. ಸೊಂಟದ ಪಟ್ಟಿ ಸುರುಳಿಯಾಗಿ ಕೈಯಲ್ಲಿತ್ತು. ಚೀಲದ ಬಾಯಿ ತೆರೆದು, ರೊಟ್ಟಿಯ ಖಾಲಿ ಬಟ್ಟೆ ಒಂದು ಕಡೆ, ಆ ಕೊಳವೆ ಒಂದು ಕಡೆ ನೋಡುವವರಿಗೆ ಸುಲಭವಾಗುವಂತೆ ಇಟ್ಟಿದ್ದ.

ಕಾಕಾ ಕರಡಿಗೆಯನ್ನು ಎದೆಯೊಳಗೆ ಇಳಿಬಿಟ್ಟರು. ಹತ್ತಿರ ಹೋಗಿ, ಧೋತರ ಹಿಡಿದು ಬಗ್ಗಿ, ಆ ಬೂಟುಗಳನ್ನು ಎತ್ತಿ ಅವನ ಕಾಲ ಮುಂದೆ ಇಟ್ಟರು.

"ಕಾಕಾ, ನೀವ್ಯಾಕ್ರಿ..." ಎಂದು ಮಹಿಬೂಬ ಹಿಂದೆ ಸರಿದ.

"ಹಾಕ್ಕೋ" ಎಂದರು ಕಾಕಾ. "ಊರ ಬಂತು."

ಅವನು ಹಾಕಿಕೊಳ್ಳುವ ತನಕ ಅವರು ಅಲ್ಲಿಂದ ಕದಲಲಿಲ್ಲ. ಡ್ರೈವರ್ ಹಾರ್ನ್ ಬಾರಿಸುತ್ತಲೇ ಇದ್ದ.